ಗುಟುಕವ್ವನ ಮಟ್ಟಿ

ಕರಡಿಹಾಳದಿಂದ ಸಂತೆಗೆ ಹೋಗುವ ಕಾಲುದಾರಿಯಲ್ಲಿ, ಎರೆಹೊಲಗಳ ನಡುವೆ ಒಂದು ಬೋಳು ಗುಡ್ಡ ಎದುರಾಗುತ್ತದೆ. ಇಂಥ ಗುಡ್ಡಕ್ಕೆ ಈ ಸೀಮೆಯವರು ಮಟ್ಟಿ ಎನ್ನುತ್ತಾರೆ. ನೆತ್ತಿಯ ಮೇಲೆ ಒಂದು ಬೇವಿನ ಮರ, ಬುಡದಲ್ಲಿ ಕಲ್ಲುಕಟ್ಟೆ, ಕಟ್ಟೆಯ ಮೇಲೆ ಎರಡು ಗಡಿಗೆ; ನೋಡಲು ಇಷ್ಟೇ. ಗುಡಿಯಿಲ್ಲ, ಶಾಸನವಿಲ್ಲ. ಹೆಸರು ಮಾತ್ರ ಗುಟುಕವ್ವನ ಮಟ್ಟಿ. ಗುಟುಕವ್ವ ಯಾವ ದೇವಿಯೂ ಅಲ್ಲ, ಬಾಯಿ ಬಲು ಜೋರಿದ್ದ ಒಬ್ಬ ಹೆಂಗಸು.

ಹಿಂದೆ ಒಮ್ಮೆ, ಈ ದಾರಿಯಲ್ಲಿ ಉಪ್ಪಿನ ಎತ್ತುಗಳು ಓಡಾಡುತ್ತಿದ್ದ ಕಾಲದಲ್ಲಿ, ನಿಂಬೆವ್ವ ಎಂಬವಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಳಂತೆ. ಅಣ್ಣ ಬಸಲಿಂಗ ಹೊಸ್ತಿಲಲ್ಲೇ ತಡೆದು, "ನಿನ್ನ ಕೈಯಾನ ನೀರೂ ನಮಗ ಬ್ಯಾಡ" ಅಂದ. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಲೋಕವೆಲ್ಲ ನನ್ನ ಕೈನೀರು ಕುಡಿಯಲಿ ಎಂದು ಹಟ ತೊಟ್ಟು, ಮಟ್ಟಿಯ ನೆತ್ತಿಯಲ್ಲಿ ಅರವಟ್ಟಿಗೆ ಇಟ್ಟಳು. ಗುಡ್ಡದ ಬುಡದ ಬಾವಿಯಿಂದ ದಿನಕ್ಕೆ ಹತ್ತು ಸಲ ಗಡಿಗೆ ಹೊತ್ತು ಏರುವಳು. ಆದರೆ ಕೈ ಎಷ್ಟು ಧಾರಾಳವೋ ಬಾಯಿ ಅಷ್ಟೇ ಕೆಟ್ಟದು. ನೀರಿನ ಚರಿಗೆ ಕೊಡುವಾಗಲೇ, "ಕುಡೀರಿ, ಪುಕ್ಕಟೆ ಬಂದೈತಲ್ಲ" ಎಂದು ಚುಚ್ಚುವಳು. ಒಂದು ಬೇಸಿಗೆಯಲ್ಲಿ ಮುದಿ ನೇಕಾರನೊಬ್ಬ ಆ ಮಾತು ಕೇಳಿ, ತುಂಬಿದ ಚರಿಗೆಯನ್ನು ಕೆಳಗಿಟ್ಟು, ಒಣಗಿದ ಗಂಟಲಲ್ಲೇ ಇಳಿದುಹೋದ. ನಾಲ್ಕು ಮಾರು ಹೋಗುವಷ್ಟರಲ್ಲಿ ಕುಸಿದುಬಿದ್ದ. ನಿಂಬೆವ್ವ ಓಡಿಹೋಗಿ ತುಟಿಗೆ ನೀರು ಹನಿಸಿದಳು. ಮುದುಕ ಕಣ್ಣು ತೆರೆದವನೇ ಕೈಮುಗಿದು, "ಬೈಬ್ಯಾಡವ್ವಾ, ಒಂದ ಗುಟುಕ ಸಾಕು" ಅಂದ.

ಅಂದು ನಿಂಬೆವ್ವ ತನ್ನನ್ನು ಕಂಡು ತಾನೇ ಹೇಸಿದಳು. ಮರುದಿನ ಒಂದು ನೇಮ ಹಿಡಿದಳು: ಯಾರಿಗೇ ನೀರು ಕೊಡುವ ಮುನ್ನ ತಾನೊಂದು ಗುಟುಕನ್ನು ಬಾಯಲ್ಲಿ ತುಂಬಿಕೊಳ್ಳಬೇಕು, ಅವರು ಕುಡಿದು ಬಾಯಿ ಒರೆಸಿಕೊಳ್ಳುವವರೆಗೆ ನುಂಗಬಾರದು, ಉಗುಳಬಾರದು. ಬೈಗುಳ ಜಾರಿದರೆ ಗಡಿಗೆ ಒಡೆದು ಅರವಟ್ಟಿಗೆ ಮುಚ್ಚಿಬಿಡಬೇಕು. "ಹುಟ್ಟುಗುಣ ಸುಟ್ಟರೂ ಹೋಗದು" ಎಂದು ಊರವರು ನಕ್ಕರು. ಮೊದಮೊದಲು ಕೆನ್ನೆ ನೋಯುತ್ತಿತ್ತು, ನೀರು ಮೂಗಿಗೇರುತ್ತಿತ್ತು. ಗಡಿಗೆ ಹೊತ್ತು ಏರುವಾಗಲೂ ಬಾಯಲ್ಲಿ ನೀರು ಹಿಡಿದೇ ಅಭ್ಯಾಸ ಮಾಡಿದಳು. ಛಲವೆಂದರೆ ಅದು! ವರ್ಷ ತುಂಬುವಷ್ಟರಲ್ಲಿ ಅವಳ ಬಾಯಿಗೆ ಹೆದರಿ ಬಳಸುದಾರಿ ಹಿಡಿದಿದ್ದ ಉಪ್ಪಿನವರೂ ಮಟ್ಟಿಗೆ ಮರಳಿದರು. ಗುಟುಕವ್ವ ಎಂದು ಕರೆದವರು ಅವರೇ ಎನ್ನುತ್ತಾರೆ.

ಅರವಟ್ಟಿಗೆ ಇಟ್ಟ ಹನ್ನೆರಡನೆಯ ಬೇಸಿಗೆಯಲ್ಲಿ ಬಸಲಿಂಗ ಬಂದ. ಬಾಯಾರಿ ನಾಲಿಗೆ ಅಂಟಿತ್ತು, ಅವನ ಎತ್ತು ಜೊಲ್ಲು ಸುರಿಸುತ್ತಿತ್ತು. ತಂಗಿಯನ್ನು ಕಂಡು ಮರದ ನೆರಳಿಗೂ ಬರದೆ ಬಿಸಿಲಲ್ಲೇ ನಿಂತ. ನಿಂಬೆವ್ವ ಹನ್ನೆರಡು ವರ್ಷ ಕೂಡಿಟ್ಟ ಮಾತುಗಳು ಒಮ್ಮೆಗೇ ನಾಲಿಗೆಯ ತುದಿಗೆ ನುಗ್ಗಿದವು. ಒಂದೇ ಒಂದು ಮಾತು ಆಡಿದರೆ ಜೀವ ತಂಪಾಗುತ್ತಿತ್ತು. ಗಡಿಗೆ ಮಾತ್ರ ಉಳಿಯುತ್ತಿರಲಿಲ್ಲ. ಅವಳು ಗಬಕ್ಕನೆ ಒಂದು ಗುಟುಕು ತುಂಬಿಕೊಂಡು, ತಾನೇ ಬಿಸಿಲಿಗಿಳಿದು ಚರಿಗೆ ಚಾಚಿದಳು. ಅಣ್ಣ ಬೊಗಸೆಯೊಡ್ಡಿ ಕುಡಿದ, ನಡುನಡುವೆ ಬಿಕ್ಕಿದ. "ಬೈಯವ್ವಾ, ಏನರ ಒಂದು ಮಾತು ಬೈ" ಎಂದು ಅಂಗಲಾಚಿದ. ಅವಳ ಕಣ್ಣಿಂದ ನೀರಿಳಿಯಿತೇ ಹೊರತು ಬಾಯಿಂದ ಇಳಿಯಲಿಲ್ಲ. ಅವನು ಬಾಯಿ ಒರೆಸಿಕೊಂಡ ಮೇಲೆ ನಿಂಬೆವ್ವ ಆ ಗುಟುಕನ್ನು ನುಂಗಿದಳು. ಆಮೇಲೆ ಕೇಳಿದಳು:

"ಎತ್ತಿಗೂ ಕುಡಸಲೇನಣ್ಣಾ?"

ಈಗಲೂ ಕರಡಿಹಾಳದ ಹೆಂಗಸರು ಬೇಸಿಗೆಯಲ್ಲಿ ಸರದಿಯ ಮೇಲೆ ಅಲ್ಲಿಗೆ ನೀರು ಹೊರುತ್ತಾರೆ. ಹೊಸಬರು ಏರಿಬಂದು ದಾರಿ ಕೇಳಿದರೆ ಅವರು ಉತ್ತರಿಸುವುದಿಲ್ಲ, ಕೆನ್ನೆ ಉಬ್ಬಿಸಿಕೊಂಡು ಚರಿಗೆ ಚಾಚುತ್ತಾರೆ. ಎಂಥ ಸೊಕ್ಕು ಎಂದು ಕೆಲವರು ಗೊಣಗುವುದೂ ಉಂಟು. ಗೊಣಗಿದವರಿಗೂ ನೀರು ಸಿಗುತ್ತದೆ.