ಅಲುಗದ ತೊಟ್ಟಿಲು

“ಬುದ್ಧಿ, ಧ್ಯಾನಕ್ಕೆಂದು ದೀಪದ ಮುಂದೆ ಕೂತರೆ ಕಣ್ಣು ನಿಲ್ಲುವುದಿಲ್ಲ, ಒಂದೇ ಸಮನೆ ಮಿಡುಕುತ್ತದೆ. ಈ ಹಾಳು ಕಣ್ಣನ್ನು ಹೇಗೆ ಕಟ್ಟಿಹಾಕಲಿ?” ಎಂದು ಶಿಷ್ಯ ಪರ್ವತಯ್ಯ ಕೇಳಿದ.

“ಕಟ್ಟಿಹಾಕುತ್ತೀಯಾ? ಭೇಷ್! ಹಾಗೆ ಕಟ್ಟಿದವನೊಬ್ಬನಿದ್ದ, ಕೇಳು” ಎಂದರು ಗುರುಗಳು.

ಒಬ್ಬ ಅಕ್ಕಸಾಲಿ. ಅವನಲ್ಲಿ ಕೆಲಸ ಕಲಿಯಲು ಬಂದವರು ಮೊದಲೇ ಉಳಿ ಮುಟ್ಟುವಂತಿಲ್ಲ. ಗೋಡೆಯ ಮೇಲೆ ಒಂದು ಚಿನ್ನದ ಗುಂಡು. ಅದನ್ನು ಕಣ್ಣು ಕದಲಿಸದೆ ನೋಡುತ್ತಾ ಕೂರಬೇಕು. ನೋಟ ನಿಂತರೆ ಕೈ ನಿಲ್ಲುತ್ತದೆ ಎಂಬುದು ಆ ಮನೆಯ ಹಳೆಯ ಪದ್ಧತಿ. ತಪ್ಪೇನೂ ಅಲ್ಲ ಬಿಡು, ಬೆಳೆದವರಿಗೆ.

ಅವನಿಗೆ ಮೊಮ್ಮಗಳು ಹುಟ್ಟಿದಳು. ಬಗ್ಗಿ ನೋಡುತ್ತಾನೆ, ಕೂಸಿನ ಕಣ್ಣು ಅತ್ತ ಜಾರುತ್ತದೆ, ಇತ್ತ ಜಾರುತ್ತದೆ. ನಮ್ಮ ಮನೆತನದಲ್ಲಿ ಇಂಥ ಕಣ್ಣೇ ಎಂದು ಅವನು ಹೆದರಿದ. ತೊಟ್ಟಿಲು ತೂಗದಂತೆ ಕಂಬಕ್ಕೆ ಬಿಗಿದ. ತಲೆಯ ಎರಡೂ ಕಡೆ ಬಟ್ಟೆಯ ಸುರುಳಿ ಒತ್ತಿದ. ಮೇಲೆ ತೂಗಾಡುತ್ತಿದ್ದ ಬಟ್ಟೆಯ ಗಿಳಿಗಳನ್ನು ಬಿಚ್ಚಿ, ಮುಖದ ನೇರಕ್ಕೆ ಆ ಚಿನ್ನದ ಗುಂಡನ್ನು ಇಳಿಬಿಟ್ಟ. ಹಾಲು ಕುಡಿದ ಮೇಲೆ ಕೂಸು ಮತ್ತೆ ಅಲ್ಲಿಗೇ. ಕೂಸಿನ ತಾಯಿ, ಅವನ ಸೊಸೆ, ಬೇಡಿಕೊಂಡಳು. “ಸುಮ್ಮನಿರಮ್ಮ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂದು ಗದರಿದ.

ತಿಂಗಳುಗಳು ಕಳೆದವು. ಕೂಸಿನ ಕಣ್ಣು ನಿಂತಿತು. ಮುದುಕ ಹಿಗ್ಗಿದ್ದೇ ಹಿಗ್ಗಿದ್ದು! ಆದರೆ ತಾಯಿ ಪಕ್ಕದಿಂದ ಬಂದು ನಕ್ಕರೆ ಕೂಸು ಅತ್ತ ನೋಡುತ್ತಿರಲಿಲ್ಲ. ಅವಳು ಗುಂಡನ್ನು ಸರಿಸಿ ದೀಪ ಆಡಿಸಿದಳು. ಕಣ್ಣು ದೀಪದ ಹಿಂದೆ ಹೋಗಲಿಲ್ಲ.

ನೇರ ಮಾವನ ಬಳಿಗೆ ಹೋದಳು. ಅವನೇ ಕೆತ್ತಿದ ಬಳೆಗಳಲ್ಲಿ ಒಂದನ್ನೆತ್ತಿ ಅವನ ಬೆರಳಿನ ಕೆಳಗಿಟ್ಟಳು.

“ಮಾವ, ಕಣ್ಣು ಮುಚ್ಚಿ. ಬೆರಳು ಅಲುಗಿಸದೆ ಹೇಳಿ, ಇದರಲ್ಲಿ ಏನು ಕೆತ್ತಿದ್ದೀರಿ?”

“ಬೆರಳು ಆಡಿಸದೆ ಗೆರೆ ಹೇಗಮ್ಮ ತಿಳಿಯುತ್ತದೆ?”

“ಕೂಸಿನ ಕಣ್ಣಿಗೆ ಮಾತ್ರ ತಿಳಿಯುತ್ತದೆಯೇ? ಅದು ತಡವಿ ತಡವಿಯೇ ಮಿದುಳಿಗೆ ದಾರಿ ಮಾಡಿಕೊಳ್ಳಬೇಕು. ನಡೆಯದ ಕಾಲುದಾರಿ ಮುಚ್ಚಿಹೋಗುತ್ತದೆ ಮಾವ. ನನ್ನ ಮಗುವನ್ನು ಕುರುಡು ಮಾಡುತ್ತಿದ್ದೀರಿ!”

ಅಕ್ಕಸಾಲಿ ಎದ್ದ. ಕಂಬಕ್ಕೆ ಬಿಗಿದ ಹಗ್ಗವನ್ನು ಉಳಿಯಿಂದಲೇ ಕೊಯ್ದ. ತೊಟ್ಟಿಲು ತೂಗಿತು. ಸೊಸೆ ಬಾಗಿ, ತನ್ನ ಮುಖವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಳು. ಕಣ್ಣು ಕದಲಲಿಲ್ಲ. ಮತ್ತೆ ಸರಿಸಿದಳು. ಇಲ್ಲ. ಆ ಕಣ್ಣು ಮತ್ತೆ ಕದಲಿದರೆ ಸಾಕೆಂದು ಮುದುಕ ಆ ಚಿನ್ನದ ಗುಂಡನ್ನು ಮನೆದೇವರಿಗೆ ಹರಕೆ ಹೊತ್ತ.

ಗಿಳಿಗಳನ್ನು ಮತ್ತೆ ಕಟ್ಟಿದರು. ಕೂಸನ್ನು ಎತ್ತಿಕೊಂಡು ಮನೆಯೆಲ್ಲ ತಿರುಗಿದರು. ಯಾರಿಗೂ ಊಟ ಸೇರುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಆ ಕಣ್ಣು ತುಸು ಮಿಡುಕಿತು, ಜಾರಿತು, ತಾಯಿಯ ಮುಖದ ಅಂಚಿಗೆ ಬಂದು ನಿಂತಿತು. ಮುದುಕ ಗಳಗಳನೆ ಅತ್ತ.

ಗುರುಗಳು ದೀಪವನ್ನು ಪರ್ವತಯ್ಯನ ಮುಂದಕ್ಕೆ ಸರಿಸಿ ಹೇಳಿದರು:

“ಆ ಮನೆಯವರು ಹರಕೆ ಹೊತ್ತು ಬೇಡಿಕೊಂಡದ್ದು, ನೀನು ಹಾಳು ಎಂದೆಯಲ್ಲ, ಆ ಮಿಡುಕನ್ನೇ ಕಣಯ್ಯ.”