ಆರಿದ ಚುಕ್ಕಿ

ಮಂದಾಕಿನಿ ಮೇಡಂ ಅವರ ಆಶ್ರಮ ಒಂದು ಪ್ರಯೋಗಾಲಯ. ಹೊಳೆ ಇಲ್ಲ, ಮರ ಇಲ್ಲ, ಇರುವ ಒಂದೇ ಕಿಟಕಿಗೂ ಕಪ್ಪು ಬಟ್ಟೆ.

ಅಲ್ಲಿ ಅವರ ಶಿಷ್ಯ ಹೊನ್ನೇಶ, ಗಾಳಿಯೂ ಇಲ್ಲದ ಪೆಟ್ಟಿಗೆಯೊಳಗೆ ಐದು ಅಯಾನುಗಳನ್ನು ಹಿಡಿದಿಟ್ಟಿದ್ದ. ಒಂದನ್ನೊಂದು ನೂಕುತ್ತ ಅವು ಸಾಲಾಗಿ ಕೂತಿದ್ದವು. ಬೇರೇನೂ ಕೂಡಿಕೊಳ್ಳದ ಒಂಟಿ ಅಯಾನು ಮಾತ್ರ ಬೆಳಗುವಂತೆ ಹೊಂದಿಸಿದ ಲೇಸರ್ ಬೆಳಕಿನಲ್ಲಿ ಪರದೆಯ ಮೇಲೆ ಐದು ಚುಕ್ಕಿಗಳಾಗಿ ಹೊಳೆಯುತ್ತಿದ್ದವು. ಚಳಿಯೆಂದರೆ ಎಂಥ ಚಳಿ, ಪರಮಾಣುಗಳೂ ಓಟ ಮರೆತು ತೆವಳುವಂಥದ್ದು.

ಅವನ ಆಸೆ ಒಂದೇ. ಅಂಥ ಚಳಿಯಲ್ಲಿ ಒಂದು ಪರಮಾಣು ತೇಲಿಬಂದು ಒಂದು ಅಯಾನಿನ ಜೊತೆ ಕೂಡಿಕೊಳ್ಳುವುದನ್ನು ಕಾಣಬೇಕು. ಎರಡು ವರ್ಷದಿಂದ ಕಾದಿದ್ದ. ಕಂಡಿರಲಿಲ್ಲ.

ಅಂದು ಪರಮಾಣುಗಳನ್ನು ಒಳಗೆ ಬಿಟ್ಟ ಸ್ವಲ್ಪ ಹೊತ್ತಿಗೆ ನಡುವಿನ ಚುಕ್ಕಿ ಆರಿಹೋಯಿತು.

"ಥೂ, ಮತ್ತೆ ಹೋಯ್ತು!" ಎಂದವನೇ ಪೆಟ್ಟಿಗೆ ಖಾಲಿ ಮಾಡುವ ಗುಂಡಿಗೆ ಕೈ ಹಾಕಿದ.

ಮೇಡಂ ಅವನ ಕೈ ಹಿಡಿದರು. "ಏನು ಹೋಯ್ತು?"

"ಅಯಾನು, ಮೇಡಂ. ತಪ್ಪಿಸಿಕೊಂಡು ಹೋಯ್ತು. ನನಗೂ ಸಾಕಾಯ್ತು. ಇದನ್ನ ಬಿಟ್ಟು ಬೇರೆ ಏನಾದ್ರೂ ಮಾಡ್ತೀನಿ."

"ಬಿಡುವಂತೆ. ನೀನು ಬರೋ ಬಸ್ಸಲ್ಲಿ ಹಿಂದುಗಡೆ ಉದ್ದ ಸೀಟು ಇದೆಯಲ್ಲ, ಐದು ಜನ ಒತ್ತಿಕೊಂಡು ಕೂತಿರ್ತಾರಲ್ಲ, ಅದು. ನಡುವಿನವರು ಇಳಿದುಹೋದ್ರೆ ಉಳಿದವರು ಏನ್ಮಾಡ್ತಾರೆ?"

"ಅದನ್ನೂ ಹೇಳ್ಬೇಕಾ ಮೇಡಂ? ಅವರು ಏಳೋದೇ ತಡ, ಸರಿದು ಆರಾಮಾಗಿ ಕೂತ್ಕೋತಾರೆ."

"ಇಲ್ಲಿ ಯಾರಾದ್ರೂ ಸರಿದಿದಾರಾ ನೋಡು."

ನೋಡಿದ. ಎಡಕ್ಕೆ ಎರಡು, ಬಲಕ್ಕೆ ಎರಡು, ನಡುವೆ ಕತ್ತಲು. ನಾಲ್ಕು ಚುಕ್ಕಿಗಳೂ ಇದ್ದಲ್ಲೇ ಇದ್ದವು.

"ಅಂದ್ರೆ ಅದು ಅಲ್ಲೇ ಇದೆ! ಪರಮಾಣು ಬಂದು ಸೇರ್ಕೊಂಡಿದೆ!" ಎಂದು ಎದ್ದು ನಿಂತ. ಮರುಕ್ಷಣವೇ ಅವನ ಮುಖ ಸಪ್ಪಗಾಯಿತು. "ಮೇಡಂ, ಹಿಂದೆಲ್ಲ ಚುಕ್ಕಿ ಆರಿದಾಗ ನಾನು..."

"ಖಾಲಿ ಮಾಡಿದೆಯಾ?"

"ಪ್ರತಿ ಸಲವೂ."

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮದುವೆ ಆಗಲಿ ಅಂತ ಎರಡು ವರ್ಷ ಕಾದು, ಆದ ಜೋಡಿಗಳನ್ನೆಲ್ಲ ಮನೆಯಿಂದ ಆಚೆ ದಬ್ಬಿದೀಯಲ್ಲೋ!"

ಹೊನ್ನೇಶನಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡ. ಗುಂಡಿಯಿಂದ ದೂರಕ್ಕೆ ಕುರ್ಚಿ ಎಳೆದುಕೊಂಡು, ನಡುವಿನ ಕತ್ತಲನ್ನೇ ನೋಡುತ್ತ ಕೂತ. ಅಷ್ಟು ಸಂತೋಷ ಅವನಿಗೆ ಆ ಕೋಣೆಯಲ್ಲಿ ಎಂದೂ ಆಗಿರಲಿಲ್ಲ.

"ಆದ್ರೂ ಮೇಡಂ, ಇಷ್ಟು ದಿನ ಕಾದವನು ನಾನು. ಒಂದೇ ಒಂದು ಸಲ ಮಿನುಗಿ ನನಗೆ ಹೇಳಬಾರದಿತ್ತಾ?"

"ಜೊತೆ ಸಿಕ್ಕಿತಲ್ಲಪ್ಪ. ಇನ್ನು ನಿನಗೋಸ್ಕರ ಯಾಕೆ ಹೊಳೀಬೇಕು?"