ಪಟೇಲರ ಖಾಲಿ ಕೋವಿ

ಬೇಟೆಗೆ ಹೊರಟ ಪಟೇಲ ದೂಮಣ್ಣನವರು ಮದ್ದಿಗೆ ಕಿಡಿ ಹಾರಿಸುವ ಕೇಪಿನ ಕೋವಿ ತಂದು ಕುಲುಮೆಯ ಆಚಾರಿಯ ಮುಂದಿಟ್ಟರು. "ಕೇಪಿಗೆ ಹೊಡೆಯುವ ಕುದುರೆ ಸಡಿಲಾಗಿದೆ. ಬೇಗ ಬಿಗಿ ಮಾಡು, ಜನ ಕಾಯ್ತಿದ್ದಾರೆ. ಕೋವಿ ಖಾಲಿ ಇದೆ."

ಆದರೂ ಆಚಾರಿ ಮದ್ದು ಇದೆಯೇ ಎಂದು ನಳಿಗೆಯೊಳಗೆ ಗಜದ ಸಲಾಕೆ ಇಳಿಸಿ ನೋಡಲು ಹೊರಟ. ಪಟೇಲರು ಕೆರಳಿದರು. "ನನ್ನ ಮಾತಿಗೆ ಬೆಲೆ ಇಲ್ವಾ?"

ಆಚಾರಿ ಗಜ ಕೆಳಗಿಟ್ಟ. "ಉಂಟು ಪಟೇಲರೇ. ಹಾಗಾದ್ರೆ ನಾನು ಕೇಪಿಟ್ಟು ಕುದುರೆ ಬಿಡ್ತೇನೆ. ನೀವು ನಳಿಗೆಯ ಬಾಯಿಗೆ ಕಣ್ಣಿಟ್ಟು ಕಿಡಿ ಕಾಣ್ತದಾ ಹೇಳಿ."

ಪಟೇಲರು ಬಗ್ಗಿದರು. ಆಚಾರಿ ಕೇಪು ಇಡಲೇ ಇಲ್ಲ, ಸುಮ್ಮನೆ ಕುದುರೆ ಎಳೆದು ಬಿಟ್ಟ. ಟಕ್ ಅಂದದ್ದೇ ಪಟೇಲರು ಬಾಗಿಲಾಚೆ ಹಾರಿದರು. "ತಡಿ ಮಾರಾಯ, ಒಮ್ಮೆ ಗಜ ಹಾಕು."

ಗಜ ತಳ ಮುಟ್ಟುವ ಮೊದಲೇ ನಿಂತಿತು. ಒಳಗೆ ಮದ್ದುಗುಂಡು ತುಂಬಿತ್ತು.

ಆಚಾರಿ ಕೋವಿಯನ್ನೇ ಗದರಿದ. "ಪಟೇಲರು ಖಾಲಿ ಅಂದ ಮೇಲೂ ತುಂಬಿಕೊಂಡು ಕೂತಿದ್ದೀಯಲ್ಲ, ಎಂಥ ಸೊಕ್ಕು ನಿಂಗೆ?"